ಕನ್ನಡ ಪೇಪರಿಗೆ ಪ್ರಿಂಟರ್ ಬಂದ ವರ್ಷ

ಮೊನ್ನೆ ಆದೋನಿಯಾಗ ಒಂದು ಜೆರಾಕ್ಸ್ ಅಂಗಡಿಗೆ ಹೋಗಿದ್ದೆ. ರೇಷನ್ ಕಾರ್ಡಿನ ನಕಲು ತೆಗಿಸಬೇಕಿತ್ತು, ಅಷ್ಟ. ಮಷಿನ್ ಒಳಗಿಂದ ಬಿಸಿ ಹಾಳಿ ಹೊರಗ ಬಂತು, ಅಂಗಡಿಯಾಕಿ ತೆಗೆದು ನನ್ನ ಕೈಗೆ ಕೊಟ್ಲು. ಆ ಸುಟ್ಟ ಮಸಿ, ಬಿಸಿ ಕಾಗದದ ವಾಸನಿ ಮೂಗಿಗೆ ಬಡೀತು. ಮಂದಿಗೆ ಮಲ್ಲಿಗಿ ವಾಸನಿಗೆ ಹಳೇದೆಲ್ಲಾ ನೆನಪಾಗ್ತೈತಂತ, ಒಗ್ಗರಣಿ ವಾಸನಿಗೆ ತಾಯಿ ನೆನಪಾಗ್ತಾಳಂತ. ನನ್ನ ಹಣೆಬರಹ ನೋಡ್ರಿ, ನನಗ ಪ್ರಿಂಟರಿನ ವಾಸನಿಗೆ ಒಂದು ಹುಡುಗಿ ನೆನಪಾಗ್ತಾಳ. ಚಿಲ್ಲರಿ ತಗೊಳ್ಳೋದನ್ನೂ ಮರೆತು ಬಂದುಬಿಟ್ಟೆ.

ನಾನು ಹುಟ್ಟಿದ್ದು ಮದ್ದಿಕೇರದಾಗ, ಮದುವ್ಯಾಗಿ ಬಂದದ್ದು ಆದೋನಿಗೆ. ಕಲಿಸೋದು ಗಣಿತ. ಆಗ ನನ್ನ ಸಾಲಿ ಗೋನೆಗಂಡ್ಲ ಕಡಿಗೆ, ದೊಡ್ಡ ರಸ್ತೆ ಬಿಟ್ಟು ಒಳಗಿರೋ ಒಂದು ಹಳ್ಳ್ಯಾಗ ಇತ್ತು. ದಿನಾ ಬಸ್ಸಿಳಿದು ಎರೆಹೊಲದ ನಡುವ ಆಟೋದಾಗ ಹೋಗೋದು. ಆ ಸಾಲಿಯೊಳಗ ಕನ್ನಡ ಸೆಕ್ಷನ್ ಅಂತ ಒಂದಿತ್ತು. ಆಂಧ್ರದಾಗ ಕನ್ನಡ ಸಾಲಿ ಎಲ್ಲೈತಿ ಅಂತ ಬಳ್ಳಾರಿ ಕಡೆ ಬೀಗರು ಈಗೂ ಕೇಳ್ತಾರ. ಐತಿ, ಬಂದು ನೋಡ್ರಿ ಅಂತೀನಿ. ಮನ್ಯಾಗ ಕನ್ನಡ, ಸಂತ್ಯಾಗ ತೆಲುಗು, ಸಿಟ್ಟು ಬಂದ್ರ ಎರಡೂ. ಹಂಗ ಬದುಕಿದ ಮಂದಿ ನಾವು. ಹತ್ತನೇ ತರಗತಿ ಕನ್ನಡ ಸೆಕ್ಷನ್‌ದಾಗ ಒಂದು ಡಜನ್ ಹುಡುಗರು ಇದ್ದರೆ ಹೆಚ್ಚು. ಕಲಿಸೋರು ಇಬ್ಬರು. ಗಣಿತ, ವಿಜ್ಞಾನ ನಂದು. ಕನ್ನಡ, ಸಮಾಜ ವೀರಭದ್ರಪ್ಪ ಸರ್‌ದು. ಸರ್ ನನಗಿಂತ ಭಾಳ ಹಿರಿಯರು, ಹಣಿ ತುಂಬ ವಿಭೂತಿ, ಬಾಯಿ ತುಂಬ ಮಾತು. ಸೆಕ್ಷನ್ ಮುಚ್ಚತೈತಿ ಅನ್ನೋ ಸುದ್ದಿ ಪ್ರತಿ ಜೂನ್‌ದಾಗೂ ಬರ್ತಿತ್ತು, ಅವರು ಪ್ರತಿ ಜೂನ್‌ದಾಗೂ ಮನಿ ಮನಿ ತಿರುಗಿ ಹುಡುಗರನ್ನ ಕರ್ಕೊಂಡು ಬರ್ತಿದ್ರು.

ನಮ್ಮ ಕಡೆ ಪರೀಕ್ಷೆ ನಡೆಸೋ ಪದ್ಧತಿ ಒಂದು ಹೇಳಬೇಕು, ಇಲ್ಲಾಂದ್ರ ಮುಂದಿನದು ತಿಳಿಯೂದಿಲ್ಲ. ಸಾಲಿಯ ಸಣ್ಣ ಪರೀಕ್ಷೆಗಳಿಗೆ ಅಚ್ಚಾದ ಪೇಪರ್ ತೆಲುಗಿನಾಗ ಇರ್ತಿತ್ತು. ಒಂದು ಡಜನ್ ಹುಡುಗರಿಗೆ ಕನ್ನಡದಾಗ ಯಾರು ಅಚ್ಚು ಹಾಕಿಸ್ತಾರ? ಹಿಂಗಾಗಿ ನಾವು ತೆಲುಗು ಪೇಪರ್ ಎಡಗೈಯಾಗ ಹಿಡ್ಕೊಂಡು, ಬಲಗೈಯಾಗ ಸೀಮೆಸುಣ್ಣ ಹಿಡ್ಕೊಂಡು, ನಿಂತ ನಿಲುವಿನ್ಯಾಗ ಕನ್ನಡ ಮಾಡಿ ಬೋರ್ಡಿನ ಮ್ಯಾಲ ಬರೀತಿದ್ವಿ. ಒಂದು ಪ್ರಶ್ನೆ ಬರೆಯೋದು, ಹುಡುಗರು ಅದಕ್ಕ ಉತ್ತರ ಬರೆಯೋದು, ಅಷ್ಟ್ರಾಗ ನಾವು ಎರಡನೇದು ಬರೆಯೋದು. ಬೋರ್ಡ್ ತುಂಬಿದ್ರ ಮೊದಲಿನದು ಅಳಿಸೋದು. ಆರನೇ ತರಗತಿಯಿಂದ ಹತ್ತರ ತನಕ ಹಂಗ. ನಮಗೆಲ್ಲಾ ಅದು ರೂಢಿ ಆಗಿಬಿಟ್ಟಿತ್ತು, ಅದರಾಗ ಏನು ತಪ್ಪೈತಿ ಅಂತ ಯಾರೂ ಯೋಚಿಸಿದ್ದಿಲ್ಲ.

ತಪ್ಪು ಏನೈತಿ ಅಂತ ತೋರಿಸಿದಾಕಿ ಲಿಂಗಮ್ಮ. ಹಿಂದಿನ ವರ್ಷದ ಹತ್ತನೇ ತರಗತಿಯಾಕಿ. ಪಬ್ಲಿಕ್ ಪರೀಕ್ಷೆಗೆ ಕನ್ನಡದಾಗ ಅಚ್ಚಾದ ಪೇಪರ್ ಬರ್ತೈತಿ, ಎಲ್ಲಾ ಪ್ರಶ್ನೆ ಒಮ್ಮೆಲೇ ಕೈಗೆ ಬರ್ತಾವ. ಈಕಿ ಮೊದಲನೇ ಪ್ರಶ್ನೆಗೆ ಉತ್ತರ ಬರೆದು, ತಲಿ ಎತ್ತಿ, ಬೋರ್ಡ್ ನೋಡ್ಕೋತ ಕುಂತಳಂತ. ಎರಡನೇದು ಯಾರರ ಬರೀತಾರೇನೋ ಅಂತ. ಕಾವಲಿದ್ದ ಮೇಡಮ್ ತೆಲುಗಿನಾಕಿ, ಏನಮ್ಮಾ ಅಂತ ಕೇಳಿದ್ರ ಈಕಿ ಹೆದರಿ ಬಾಯಿ ಬಿಟ್ಟಿಲ್ಲ. ಹಾಳಿ ಮ್ಯಾಲಿನ ಅಷ್ಟೂ ಅಕ್ಷರ ನೋಡಿ ಕಣ್ಣು ಕತ್ತಲಿ ಬಂತ್ರಿ ಟೀಚರ್ ಅಂತ ಆಮ್ಯಾಲ ನನಗ ಹೇಳಿದ್ಳು. ಫೇಲಾದ್ಳು. ದೀಪಾವಳಿ ಮುಗಿದ ಮ್ಯಾಲ ನಮ್ಮ ಕಡೆ ಅರ್ಧ ಹಳ್ಳಿ ಗುಂಟೂರು ಕಡೆ ಮೆಣಸಿನಕಾಯಿ ಬಿಡಿಸಾಕ ಹೋಗ್ತೈತಿ, ಬ್ಯಾಸಿಗಿತನಕ ಬರೂದಿಲ್ಲ. ಆ ವರ್ಷ ಲಿಂಗಮ್ಮನೂ ತಾಯಿ ಜೋಡಿ ಹೋದ್ಳು.

ಆಕಿ ತಂಗಿ ಈರಮ್ಮ. ನನ್ನ ನೆನಪಿನ ಹುಡುಗಿ ಈಕಿನೇ. ನಾನು ಹೇಳ್ತಿರೋ ವರ್ಷ ಈಕಿ ಹತ್ತನೇ ತರಗತಿ. ಜಾಣಿ ಅಂತ ಸುಳ್ಳು ಹೇಳೂದಿಲ್ಲ, ಲೆಕ್ಕ ಅಂದ್ರ ಈಕಿಗೆ ಬೆವರು. ಆದ್ರ ಹೇಳಿಕೊಟ್ಟದ್ದನ್ನ ಹತ್ತು ಸಲ ಬ್ಯಾಸರಿಲ್ಲದ ಮಾಡ್ತಿದ್ಳು. ಹೇಳಿದ ಮಾತು ಮೀರೂದಿಲ್ಲ ಅನ್ನೋದೇ ಆಕಿ ಶಕ್ತಿ. ದೀಪಾವಳಿ ಮರುದಿನ ಆಕಿ ತಾಯಿ ನರಸಮ್ಮ ಗಂಟು ಕಟ್ಕೊಂಡು ಸಾಲಿಗೆ ಬಂದ್ಳು. ಲಾರಿ ಹೊರಗ ನಿಂತಿತ್ತು. ಈರಮ್ಮನ್ನ ಅಜ್ಜಿ ಹತ್ರ ಬಿಟ್ಟು ಹೋಗ್ತೀನಿ, ಪಾಸಾದ್ರ ಆದೋನಿ ಕಾಲೇಜಿಗೆ ಹಾಸ್ಟೆಲ್‌ನ್ಯಾಗ ಇಡ್ರಿ ಅಂತ ಶುರು ಮಾಡಿ, ಒಂದು ಮಾತು ಕೊನಿಗೆ ಹೇಳಿದ್ಳು.

"ಈ ಒಂದು ವರ್ಷ ಬಿಡ್ತೀನಿ ಟೀಚರ್. ಪಾಸಾದ್ರ ನಿಮ್ಮಾಕಿ. ಇಲ್ಲಾಂದ್ರ ನನ್ನಾಕಿ."

ಆತು ಬಿಡವ್ವಾ ಅಂದೆ. ಲಾರಿ ಹೋದ ಮ್ಯಾಲ ವೀರಭದ್ರಪ್ಪ ಸರ್‌ಗೆ ಹೇಳಿದೆ, ಈ ವರ್ಷ ನಮ್ಮ ಹುಡುಗರು ಪ್ರತಿ ಸಣ್ಣ ಪರೀಕ್ಷೆನೂ ಅಚ್ಚಾದ ಕನ್ನಡ ಪೇಪರಿನ್ಯಾಗೇ ಬರೀಬೇಕು, ಬೋರ್ಡ್ ಮುಟ್ಟೂದಿಲ್ಲ ಅಂತ. ಕೈಲೆ ಬರೆದು ಜೆರಾಕ್ಸ್ ಮಾಡಿಸೋಣಲ್ಲ ಅಂದ್ರು ಅವರು. ಅದನ್ನೂ ಒಮ್ಮೆ ಮಾಡಿ ನೋಡಿದ್ವಿ. ನನ್ನ ಕೈಬರಹ ಕಂಡ ಕೂಡ್ಲೇ ಹುಡುಗರು ನಿರಾಳ ಆಗಿ, ಇದೇನ್ರಿ ಟೀಚರ್, ಅದೇನ್ರಿ ಟೀಚರ್ ಅಂತ ಒಂದೊಂದೇ ಕೇಳಾಕ ಹತ್ತಿದ್ರು. ನನ್ನ ಅಕ್ಷರದಾಗ ಅವರಿಗೆ ನನ್ನ ದನಿ ಕೇಳ್ತಿತ್ತು. ಅಚ್ಚಿನ ಅಕ್ಷರದ ಹೆದರಿಕಿ ಹೋಗಬೇಕಂದ್ರ ಅಚ್ಚಿನ ಅಕ್ಷರನೇ ಬೇಕು. ಆದೋನಿ ಡಿಟಿಪಿ ಅಂಗಡ್ಯಾಗ ಟೈಪ್ ಮಾಡೋರೆಲ್ಲಾ ತೆಲುಗಿನವ್ರು. ಕನ್ನಡದಾಗ ಲಗ್ನಪತ್ರಿಕೆ ಮಾಡ್ತಿದ್ದ ಒಬ್ಬ ಮುದುಕರು ಅಂಗಡಿ ಮುಚ್ಚಿ ವರ್ಷಗಳಾಗಿದ್ವು.

ಸಾಲಿಗೆ ಕಂಪ್ಯೂಟರ್ ಇತ್ತು. ಯಾರೋ ಪುಣ್ಯಾತ್ಮರು ದಾನ ಕೊಟ್ಟದ್ದು, ಒಳಗ ಲಿನಕ್ಸ್ ಅನ್ನೋ ಸಿಸ್ಟಮ್ ಹಾಕಿದ್ರು. ಇದು ಎಲ್ಲರ ಸೊತ್ತು, ರೊಕ್ಕ ಕೊಡೂದಿಲ್ಲ, ವೈರಸ್ ಬರೂದಿಲ್ಲ, ಯಾರ ಹಂಗೂ ಇಲ್ಲ ಅಂತ ಹೇಳಿ ಹೋಗಿದ್ರು. ಕೇಳಿ ನನಗ ಖುಷಿ ಆಗಿತ್ತು. ಕನ್ನಡ ಪರದೆ ಮ್ಯಾಲ ಎಷ್ಟು ಚಂದ ಬರ್ತಿತ್ತಂದ್ರ, ಒತ್ತಕ್ಷರ ಒಂದೂ ಚೆಲ್ಲಾಪಿಲ್ಲಿ ಆಗ್ತಿದ್ದಿಲ್ಲ. ಅದೇ ಫೈಲ್ ಪೆನ್‌ಡ್ರೈವಿನ್ಯಾಗ ಹಾಕ್ಕೊಂಡು ಆದೋನಿ ಅಂಗಡಿಗೆ ಒಯ್ದು ತೆರೆದ್ರ ಒತ್ತು ಒಂದು ಕಡಿ, ಅಕ್ಷರ ಒಂದು ಕಡಿ, ಸೂತ್ರ ಎಲ್ಲೋ ಮಾಯ. ಸಾಲ್ಯಾಗೇ ಪ್ರಿಂಟ್ ಮಾಡೋದೇ ಸರಿ ಅಂತ ನಿರ್ಧಾರ ಮಾಡಿದೆ. ಪ್ರಿಂಟರ್ ಒಂದು ಬೇಕಿತ್ತು, ಅದಕ್ಕ ನನ್ನ ಸೋದರಮಾವನ ಹತ್ರ ಹೋದೆ.

ಮಾವಂದು ಆದೋನಿಯಾಗ ಹತ್ತಿ ಮಂಡಿ. ಹೊಸ ಪ್ರಿಂಟರ್ ತಗೊಂಡು ಹಳೇದನ್ನ ಹತ್ತಿ ಮೂಟಿಗಳ ಹಿಂದ ಇಟ್ಟಿದ್ರು. ಒಯ್ಯವ್ವಾ, ಬಂಗಾರದಂಥಾ ಮಷಿನ್ ಅಂದ್ರು. ಅದರ ಮ್ಯಾಲ ಬೆರಳುದ್ದ ಹತ್ತಿ ಧೂಳು. ಬಟ್ಟಿಲಿಂದ ಒರಸಿ, ಸೀರಿ ಸೆರಗು ಹೊದಿಸಿ, ಬಸ್ಸಿನ್ಯಾಗ ತೊಡಿ ಮ್ಯಾಲ ಕುಂದ್ರಿಸಿಕೊಂಡು ಒಯ್ದೆ. ವೀರಭದ್ರಪ್ಪ ಸರ್ ಅದಕ್ಕ ವಿಭೂತಿ ಹಚ್ಚಿ, ಒಂದು ನಿಂಬೆಹಣ್ಣು ಮುಂದಿಟ್ಟು ಕೈ ಮುಗಿದ್ರು. ನಾನು ವೈರ್ ಸಿಗಿಸಿದೆ. ಪರದೆ ಮ್ಯಾಲ ಪ್ರಿಂಟರಿನ ಹೆಸರು ತಾನೇ ಬಂತು, ಪಕ್ಕದಾಗ ಸಿದ್ಧ ಐತಿ ಅಂತ ಹಸಿರು ಗುರುತು. ನನ್ನ ಎದಿ ಉಬ್ಬಿತು. ಪ್ರಿಂಟ್ ಒತ್ತಿದೆ. ದೀಪ ಎರಡು ಸಲ ಮಿಣಕ್ ಅಂತು. ಪರದೆ ಮ್ಯಾಲ ಮುಗೀತು ಅಂತ ಬಂತು. ಹಾಳಿ ಮಾತ್ರ ಬರಲಿಲ್ಲ.

ಮತ್ತ ಒತ್ತಿದೆ. ಮತ್ತ ಮುಗೀತು ಅಂತ. ಎಲ್ಲಿ ಮುಗೀತೋ ನಿನ್ನ ತಲಿ! ಕೆಲಸ ಆಗಿಲ್ಲ ಅಂದ್ರ ಆಗಿಲ್ಲ ಅಂತ ಹೇಳಬೇಕು, ಅದನ್ನ ಬಿಟ್ಟು ಆತು ಆತು ಅನ್ನೋ ಮಂದಿ ಕಂಡ್ರ ನನಗ ಮೊದಲಿಂದ ಆಗೂದಿಲ್ಲ; ಇದು ಅಂಥಾ ಮಷಿನ್. ಆ ವಾರ ಇಡೀ ಹಂಗ ಹೋತು. ಪ್ರಿಂಟರಿನ ಜೋಡಿ ಬಂದ ಸಿಡಿ ಬ್ಯಾರೆ ಸಿಸ್ಟಮ್‌ಗೆ ಮಾಡಿದ್ದು, ಲಿನಕ್ಸಿಗೆ ಅದರ ಭಾಷೆ ಬರೂದಿಲ್ಲ. ಡ್ರೈವರ್ ಅನ್ನೋ ಒಂದು ಸಣ್ಣ ಪ್ರೋಗ್ರಾಮ್ ನಡುವ ಕುಂತು ಇದರ ಮಾತು ಅದಕ್ಕ ತಿಳಿಸಬೇಕಂತ. ಅಂದ್ರ ನಾವು ಬೋರ್ಡಿನ ಮುಂದ ನಿಂತು ಮಾಡ್ತಿದ್ದ ಕೆಲಸನೇ ಅದು. ಆ ಡ್ರೈವರ್ ಇಂಟರ್‌ನೆಟ್‌ನ್ಯಾಗ ಹುಡುಕಿ ತರಬೇಕು. ನಮ್ಮ ಸಾಲ್ಯಾಗ ಫೋನಿನ ಸಿಗ್ನಲ್ ಸಿಗೋದು ನೀರಿನ ಟ್ಯಾಂಕಿನ ಮೆಟ್ಲು ಮ್ಯಾಲ ಮಾತ್ರ. ಅಲ್ಲಿ ಫೋನ್ ಇಟ್ಟು ಹಾಟ್‌ಸ್ಪಾಟ್ ಹಚ್ಚಿ ಬಂದ್ರ, ಮುಕ್ಕಾಲು ಇಳಿದ ಮ್ಯಾಲ ಕರೆಂಟ್ ಹೋಗೋದು, ಮತ್ತ ಮೊದಲಿಂದ ಶುರು.

ಇಂಗ್ಲಿಷಿನ್ಯಾಗ ನನ್ನ ಕಷ್ಟ ಬರೆದು ಲಿನಕ್ಸಿನವ್ರು ಪ್ರಶ್ನೆ ಕೇಳೋ ಒಂದು ಫೋರಮ್‌ದಾಗ ಹಾಕಿದೆ. ಒಬ್ಬ ಯಾವ ವರ್ಷನ್ ಅಂತ ಕೇಳಿದ. ಇನ್ನೊಬ್ಬ ಲಾಗ್ ಕಳಿಸು ಅಂದ. ಲಾಗ್ ಎಲ್ಲಿರ್ತೈತಿ ಅಂತ ಕೇಳಿದ್ರ ಮೊದಲು ಕೈಪಿಡಿ ಓದು ಅಂದ. ಮತ್ತೊಬ್ಬ ಮಹರಾಯ ನನ್ನ ಕಡೆ ಸರಿಯಾಗೇ ನಡೀತೈತಿ ಅಂತ ಬರೆದು ಸುಮ್ಮನಾದ. ಅಪ್ಪಾ, ನಿನ್ನ ಕಡೆ ನಡೆದ್ರ ನಾನೇನು ಮಾಡ್ಲಿ? ಕೊನಿಗೆ ಯಾರೋ ಪುಣ್ಯವಂತರು ಕರಿ ಪರದೆ ಮ್ಯಾಲ ಹೊಡಿಯೋ ನಾಲ್ಕು ಸಾಲು ಆಜ್ಞೆ ಕಳಿಸಿದ್ರು. ಅಕ್ಷರ ಅಕ್ಷರ ನೋಡ್ಕೋತ ಹೊಡದೆ. ಪ್ರಿಂಟರ್ ಗರ್ ಅಂತ ಎದ್ದು, ಒಂದೊಂದು ಹಾಳಿಗೆ ಒಂದೊಂದು ಸಾಲು ಹುಚ್ಚುಚ್ಚಾರ ಇಂಗ್ಲಿಷ್ ಅಕ್ಷರ ಉಗುಳ್ಕೋತ ಹೊಂಟಿತು. ನಿಲ್ಲು ಅಂದ್ರ ನಿಲ್ಲವಲ್ದು. ವೈರ್ ಕಿತ್ತಿದೆ; ಮತ್ತ ಹಾಕಿದ್ರ ಎಲ್ಲಿಗೆ ನಿಂತಿತ್ತೋ ಅಲ್ಲಿಂದ ಮುಂದುವರಿಸಿತು. ಸಾಲಿಯ ಕಾಗದದ ಕಟ್ಟು ಅರ್ಧ ಖಾಲಿ. ಹೆಡ್‌ಮಾಸ್ಟರ್ ಬಾಗಿಲಿಗೆ ಬಂದು ನಿಂತು, ಯಾಕಮ್ಮಾ ಇಷ್ಟು ತ್ರಾಸು, ಒಳ್ಳೇ ಬೋರ್ಡ್ ಐತಲ್ಲ ಅಂತ ತೆಲುಗಿನಾಗ ಅಂದ್ರು. ಅವರು ಕೆಟ್ಟವರಲ್ಲ, ಖರೇನೇ ಅವರಿಗೆ ತಿಳೀಲಿಲ್ಲ. ನನಗ ಮಾತ್ರ ಆವತ್ತು ಬಾತ್‌ರೂಮಿನ್ಯಾಗ ಹೋಗಿ ಅಳೋವಷ್ಟು ಸಿಟ್ಟು ಬಂದಿತ್ತು.

ಹೊಲದಾಗ ಹತ್ತಿ ಬಿಡಿಸೋದು ಮುಗೀತು, ಗಿಡ ಒಣಗಿ ಕಪ್ಪಾದ್ವು. ಹಳ್ಳಿ ಖಾಲಿ ಖಾಲಿ. ಓಣ್ಯಾಗ ಮುದುಕ್ರು, ನಾಯಿ, ಪರೀಕ್ಷೆಗೆ ಉಳಿದ ಹುಡುಗರು, ಇಷ್ಟ. ಸಂಜಿಮುಂದ ಸಾಲಿ ಬಿಟ್ಟ ಮ್ಯಾಲ ಈರಮ್ಮ ಅಜ್ಜಿಗೆ ರೊಟ್ಟಿ ಬಡಿದಿಟ್ಟು ಮತ್ತ ಸಾಲಿಗೆ ಬರ್ತಿದ್ಳು, ನಾನು ಪ್ರಿಂಟರ್ ಜೋಡಿ ಗುದ್ದಾಡೋದನ್ನ ನೋಡ್ಕೋತ ಲೆಕ್ಕ ಮಾಡ್ತಿದ್ಳು. ಪ್ರಿಂಟರಿಗೆ ಏನಾಗೈತ್ರಿ ಟೀಚರ್ ಅಂತ ಒಮ್ಮೆ ಕೇಳಿದ್ಳು. ಅದಕ್ಕ ನಮ್ಮ ಮಾತು ತಿಳಿಯಂಗಿಲ್ಲ ಅಂದೆ. ಪಾಪ ಅಂದ್ಳು. ನನಗ ಆ ಸಂಕಟದಾಗೂ ನಗು ಬಂತು. ಆ ಮಷಿನ್‌ಗೆ ಪಾಪ ಅಂದಾಕಿ ಇಡೀ ಲೋಕದಾಗ ಈಕಿ ಒಬ್ಬಾಕಿನೇ ಇರಬೇಕು.

ಸಂಕ್ರಾಂತಿ ಆದ ಮ್ಯಾಲ ಒಂದಿನ ಮಧ್ಯಾಹ್ನ, ಬ್ಯಾರೆ ಯಾವುದೋ ಪ್ರಿಂಟರಿನ ಡ್ರೈವರ್ ಇದಕ್ಕ ಹೊಂದತೈತಿ ಅಂತ ಎಲ್ಲೋ ಓದಿ ಅದನ್ನ ಹಾಕಿದೆ. ಆಶಾ ಏನೂ ಇದ್ದಿಲ್ಲ. ಪೇಪರನ್ನ ಮೊದಲು ಪಿಡಿಎಫ್ ಮಾಡಿ ಕಳಿಸಿದೆ. ಹಾಳಿ ಬಂತು. ಕನ್ನಡ ಬಂತು! ತ್ರಿಜ್ಯ, ಕ್ಷೇತ್ರಫಲ, ಶ್ರೇಢಿ. ಒತ್ತು ಒತ್ತಿನ ಜಾಗದಾಗ, ದೀರ್ಘ ದೀರ್ಘದ ಜಾಗದಾಗ. ವೀರಭದ್ರಪ್ಪ ಸರ್ ಆ ಬಿಸಿ ಹಾಳಿ ಎರಡೂ ಕೈಲೆ ಹಿಡ್ಕೊಂಡು, ಕಣ್ಣಿಗೆ ಒತ್ಕೊಂಡು, ಆಮ್ಯಾಲ ಕನ್ನಡಕ ಹಾಕ್ಕೊಂಡು ಮೂರನೇ ಪ್ರಶ್ನೆಯಾಗ ಒಂದು ತಪ್ಪು ಹುಡುಕಿದ್ರು. ಆವತ್ತು ನಾವಿಬ್ಬರೂ ಹುಡುಗರಿಗೆ ಮಂಡಾಳು ಒಗ್ಗರಣಿ, ಮಿರ್ಚಿ ತಿನ್ನಿಸಿದ್ವಿ. ಆ ವರ್ಷದಾಗ ನಾನು ಮನಸಾರೆ ನಕ್ಕ ದಿನ ಅದೊಂದೇ ಅಂತ ಕಾಣತೈತಿ.

ಆದ್ರ ಅದರಾಗೂ ಒಂದು ಕೊರತಿ ಇತ್ತು. ಹಾಳಿಯ ಒಂದು ಬದಿ ಮಾತ್ರ ಬರ್ತಿತ್ತು. ಎರಡೂ ಬದಿಗೆ ಅಂತ ಕೊಟ್ರ ಆ ಎರವಲು ಡ್ರೈವರಿಗೆ ಅದು ಗೊತ್ತೇ ಇದ್ದಿಲ್ಲ. ಕೈಲೆ ತಿರುವಿ ಹಾಕಿದ್ರ ಹಿಂದಿನದು ತಲಿಕೆಳಗ ಬರ್ತಿತ್ತು, ಇಲ್ಲಾ ಎರಡು ಹಾಳಿ ಒಮ್ಮೆಲೇ ಎಳಕೊಂಡು ಹೊಟ್ಟ್ಯಾಗ ಮುದುಡಿ ಇಟ್ಕೋತಿತ್ತು. ಬಾಗಿಲು ತೆಗೆದು ಚಿಮ್ಮಟಿಗಿಲಿಂದ ಚೂರು ಚೂರು ಎತ್ತಬೇಕು. ಕರೆಂಟ್ ಹೋಗಿ ಬಂದ್ರ ಪರದೆ ಮ್ಯಾಲ ಅದೇ ಪ್ರಿಂಟರಿಗೆ ಇನ್ನೊಂದು ಹೆಸರು ಹುಟ್ಟೋದು, ನಾವು ಕಳಿಸಿದ್ದೆಲ್ಲಾ ಹಳೇ ಹೆಸರಿಗೆ ಹೋಗಿ ಕುಂದ್ರೋದು. ವಾರಗಟ್ಲೆ ಗುದ್ದಾಡಿ ಸಾಕಾತು. ಪರೀಕ್ಷೆ ಹತ್ರ ಬಂದಿತ್ತು. ಹಿಂದಿನ ಬದಿ ಹಾಳಾಗಿ ಹೋಗ್ಲಿ, ಕಾಗದ ಹೆಚ್ಚು ಹೋದ್ರ ಹೋಗ್ಲಿ ಅಂತ ಹಾಳಿಗೆ ಒಂದೇ ಬದಿ ಪ್ರಿಂಟ್ ಹಾಕಿ ಪಿನ್ ಹೊಡೆದು ಕೊಡಾಕ ಶುರು ಮಾಡಿದೆ. ಹಿಂದಿನ ಬಿಳೀ ಬದಿಯಾಗ ಹುಡುಗರು ಕಚ್ಚಾ ಲೆಕ್ಕ ಮಾಡ್ತಿದ್ರು. ಅನುಕೂಲ ಆತು ಅಂತ ಎಲ್ಲರೂ ಅಂದ್ವಿ.

ಫೆಬ್ರವರಿ ಪೂರ್ತಿ ಪರೀಕ್ಷೆ ಮ್ಯಾಲ ಪರೀಕ್ಷೆ. ಮೊದಲನೇ ಸಲ ಹುಡುಗರೆಲ್ಲಾ ಬೋರ್ಡ್ ನೋಡಿದ್ರು. ನಾನು ಹೋಗಿ ಬೋರ್ಡಿನ ಮ್ಯಾಲ ಹಳೇ ಚಾದರ ಹೊದಿಸಿಬಿಟ್ಟೆ. ಈರಮ್ಮನ ಹತ್ರ ನಿಂತು ದಿನಾ ಹೇಳ್ತಿದ್ದೆ: ತಲಿ ಎತ್ತಬ್ಯಾಡ, ಅತ್ತಿತ್ತ ನೋಡಬ್ಯಾಡ, ಕೈಯಾಗಿನ ಹಾಳಿ ಬಿಟ್ರ ಬ್ಯಾರೆ ಲೋಕ ಇಲ್ಲ ಅಂತ ತಿಳ್ಕೋ. ಗಣಿತದಾಗ ಹಿಂದಿರೋ ಹುಡುಗರನ್ನ ದಡ ಹತ್ತಿಸಾಕ ನಮ್ಮ ಟೀಚರ್‌ಗಳ ಹತ್ರ ಒಂದು ದಾರಿ ಇರ್ತೈತಿ. ಸಣ್ಣ ಪ್ರಶ್ನೆಗಳ ಮ್ಯಾಲ ಭರವಸಿ ಇಡೂದಿಲ್ಲ, ದೊಡ್ಡ ಪ್ರಶ್ನೆಗಳೊಳಗ ತಪ್ಪದೆ ಬರೋ ಗ್ರಾಫ್, ತ್ರಿಭುಜದ ರಚನೆ, ಒಂದು ಪ್ರಮೇಯ, ಇವನ್ನ ಕೈಗೆ ರೂಢಿ ಮಾಡಿಸ್ತೀವಿ. ಅಷ್ಟು ಬರೆದ್ರ ಪಾಸು. ಈರಮ್ಮ ಆ ಗ್ರಾಫ್ ಎಷ್ಟು ಸಲ ಹಾಕಿದ್ಳೋ ದೇವರೇ ಬಲ್ಲ. ಕೊನಿಕೊನಿಗೆ ಅಳತಿಪಟ್ಟಿ ಇಡೋ ರೀತಿಯಾಗೇ ಒಂದು ಧೈರ್ಯ ಬಂದಿತ್ತು. ಗುಂಟೂರಿಂದ ನರಸಮ್ಮನ ಫೋನ್ ಬಂದಾಗ, ನಿನ್ನ ಮಗಳು ಪಾಸಾಗ್ತಾಳವ್ವಾ ಅಂತ ಬಾಯಿಬಿಟ್ಟು ಹೇಳಿದೆ. ಹಂಗ ಆಗ್ಲಿ ಟೀಚರ್ ಅಂದ್ಳು, ಹಿಂದ ಲಿಂಗಮ್ಮ ಕೆಮ್ಮೋದು ಕೇಳಿಸ್ತು.

ಗಣಿತ ಪರೀಕ್ಷೆ ದಿನ ಗೋನೆಗಂಡ್ಲದಾಗ ಸೆಂಟರಿನ ಹೊರಗ ನಾನು, ವೀರಭದ್ರಪ್ಪ ಸರ್ ನಿಂತಿದ್ವಿ. ಬಿಸಿಲು ಅಂದ್ರ ಬಿಸಿಲು, ಬೆಳಿಗ್ಗೇನೇ ನೆಲ ಕಾದಿತ್ತು. ಗೇಟು ತೆಗೆದ್ರು. ನಮ್ಮ ಹುಡುಗರು ಒಬ್ಬೊಬ್ಬರೇ ಬಂದ್ರು, ಮುಖ ನೋಡಿದ್ರ ಯಾರೂ ಅತ್ತಂಗಿದ್ದಿಲ್ಲ. ಈರಮ್ಮ ಓಡ್ಕೋತ ಬಂದ್ಳು. ಒಮ್ಮೇನೂ ತಲಿ ಎತ್ತಿಲ್ರಿ ಟೀಚರ್, ಬೋರ್ಡ್ ಕಡೆ ನೋಡೇ ಇಲ್ಲ ಅಂದ್ಳು. ಟೈಮ್ ಭಾಳ ಉಳೀತಂತ. ಬರೆದದ್ದನ್ನೇ ಎರಡೆರಡು ಸಲ ತಿದ್ದಿದ್ಳಂತ. ಉಳಿದ ಹುಡುಗರು ಸುತ್ತ ನಿಂತು ಕೇಳ್ತಿದ್ರು. ನಾನು ಭಲೇ ಅಂತ ಆಕಿ ಬೆನ್ನು ತಟ್ಟಿದೆ.

"ಆದ್ರ ಈ ಸಲ ಗ್ರಾಫ್ ಕೊಟ್ಟಿಲ್ಲಲ್ರಿ ಟೀಚರ್," ಅಂದ್ಳು. "ಕೊಟ್ಟಿದ್ರ ಚಂದಾಗಿ ಹಾಕ್ತಿದ್ದೆ."

ಗ್ರಾಫ್ ಕೊಡದ ಪೇಪರ್ ನಾನು ನನ್ನ ನೌಕರಿಯಾಗ ನೋಡಿದ್ದಿಲ್ಲ. ಆಕಿ ಕೈಯಾಗಿನ ಪೇಪರ್ ತಗೊಂಡೆ. ದೊಡ್ಡ ಹಾಳಿಯನ್ನ ನಡುವ ಮಡಚಿದ್ದು. ಮೊದಲಿನ ಮುಖ, ತೆರೆದ್ರ ಒಳಗ ಎರಡು ಮುಖ. ಅಲ್ಲಿತನಕ ಪ್ರತಿ ಪ್ರಶ್ನೆಗೂ ಆಕಿ ಪೆನ್ಸಿಲಿಂದ ಸಣ್ಣ ಗುರುತು ಮಾಡಿದ್ಳು. ಮುಚ್ಚಿ ಹಿಂದಕ್ಕ ತಿರುವಿದೆ. ಹಿಂದಿನ ಮುಖದಾಗ ಗ್ರಾಫ್ ಇತ್ತು. ತ್ರಿಭುಜದ ರಚನೆ ಇತ್ತು. ನಾವು ಉರು ಹೊಡೆಸಿದ್ದ ಪ್ರಮೇಯನೂ ಇತ್ತು. ಒಂದಕ್ಕೂ ಗುರುತಿಲ್ಲ. ಅದಕ್ಕಿಂತ ಮೊದಲಿನ ಪೇಪರುಗಳೆಲ್ಲಾ ಒಳಗಿನ ಮುಖಕ್ಕೇ ಮುಗಿದಿದ್ವು. ಆಕಿ ಬಗ್ಗಿ ನೋಡಿದ್ಳು. ಭಾಳ ಹೊತ್ತು ನೋಡಿದ್ಳು.

"ಹಿಂದಿನ ಬದಿಗೂ ಇರ್ತೈತೇನ್ರಿ ಟೀಚರ್?" ಅಂತ ಕೇಳಿದ್ಳು.

ಉಳಿದ ಹುಡುಗರು ತಿರುವಿದ್ರು. ಹೆಂಗ ಗೊತ್ತಾತು ಅಂದ್ರ, ಪಕ್ಕದ ಬೆಂಚಿನವ್ರು ತಿರುವೋದು ನೋಡಿ ನಾವೂ ತಿರುವಿದ್ವಿ ಅಂದ್ರು. ಅತ್ತಿತ್ತ ನೋಡಿದವರೆಲ್ಲಾ ಉಳ್ಕೊಂಡ್ರು. ಹೇಳಿದ ಮಾತು ಮೀರದಾಕಿ ಒಬ್ಬಾಕಿ ಹೋದ್ಳು. ವೀರಭದ್ರಪ್ಪ ಸರ್ ಅಲ್ಲೇ ಕಲ್ಲಿನ ಮ್ಯಾಲ ಕುಂತುಬಿಟ್ರು. ಶಿವನೇ ಅಂತ ಒಂದು ಸಲ ಅಂದ್ರು. ಹೆಂಗೂ ಆಗ್ತೈತಿ ಬಿಡವ್ವಾ, ಮುಂದಿನದೇ ಸಾಕಾಗಬಹುದು ಅಂತ ನಾನು ಸಮಾಧಾನ ಹೇಳಿದೆ. ಸಾಕಾಗೂದಿಲ್ಲ ಅಂತ ನನಗ ಗೊತ್ತಿತ್ತು, ಆಕಿಗೂ ಗೊತ್ತಿತ್ತು. ವಾಪಸ್ ಆಟೋದಾಗ ಆಕಿ ನನ್ನ ಪಕ್ಕನೇ ಕುಂತಿದ್ಳು. ಆಕಿ ಅಳಲಿಲ್ಲ. ಅತ್ತಿದ್ರ ನನಗ ಸ್ವಲ್ಪ ಹಗುರ ಆಗ್ತಿತ್ತೇನೋ.

ಪರೀಕ್ಷೆ ಮುಗಿದ ಮರುವಾರನೇ ಈರಮ್ಮ ಗುಂಟೂರು ಕಡೆ ಹೋದ್ಳು. ಹೊಲದ ಕೆಲಸ ಮುಗಿದಿದ್ರೂ ಅಲ್ಲಿ ಗೋದಾಮಿನ್ಯಾಗ ಮೆಣಸಿನಕಾಯಿ ತೊಟ್ಟು ತೆಗೆಯೋ ಕೆಲಸ ಬ್ಯಾಸಿಗಿ ಪೂರ್ತಿ ಇರ್ತೈತಿ. ನರಸಮ್ಮ ಮಗಳನ್ನ ಕರೆಸ್ಕೊಂಡಿದ್ಳು, ರಿಸಲ್ಟ್ ಬರೋತನಕ ಇರ್ಲಿ ಅಂತ. ರಿಸಲ್ಟ್ ಬಂತು. ಎಲ್ಲಾದ್ರಾಗೂ ಪಾಸು, ಗಣಿತ ಒಂದರಾಗ ಹೋಗಿತ್ತು. ಕನ್ನಡ ಸೆಕ್ಷನ್‌ದಾಗ ಫೇಲಾದಾಕಿ ಆಕಿ ಒಬ್ಬಾಕಿನೇ. ಎಂದೂ ಇಲ್ಲದ ರಿಸಲ್ಟ್ ಅಂತ ಹೆಡ್‌ಮಾಸ್ಟರ್ ಎಲ್ಲರ ಮುಂದ ನನ್ನ ಹೆಸರು ಹೇಳಿ ಹೊಗಳಿದ್ರು, ಪೇಡೆ ಕೊಟ್ರು. ಆ ಪೇಡೆ ನನಗ ನುಂಗಾಕ ಆಗಲಿಲ್ಲ, ಕರವಸ್ತ್ರದಾಗ ಸುತ್ತಿ ಚೀಲದಾಗ ಹಾಕ್ಕೊಂಡೆ.

ಅದೇ ವಾರ ಕಂಪ್ಯೂಟರ್ ತಾನೇ ಏನೋ ಅಪ್‌ಡೇಟ್ ಅಂತ ಕೇಳ್ತು, ಬ್ಯಾಸರಾಗಿ ಹೂಂ ಅಂತ ಒತ್ತಿದೆ. ವೀರಭದ್ರಪ್ಪ ಸರ್‌ಗೆ ಯಾವುದೋ ಎರಡು ಪುಟ ಬೇಕಿತ್ತು, ಪ್ರಿಂಟ್ ಕೊಟ್ಟೆ. ಪ್ರಿಂಟರ್ ಹಾಳಿಯನ್ನ ಅರ್ಧ ಹೊರಗ ತಂದು, ಮತ್ತ ಒಳಗ ಎಳ್ಕೊಂಡು, ತಿರುವಿ ಹೊರಗ ಇಟ್ಟಿತು. ಎರಡೂ ಬದಿ ಅಚ್ಚುಕಟ್ಟಾಗಿ ಬಂದಿತ್ತು. ತಲಿಕೆಳಗ ಇಲ್ಲ, ಮುದುಡಿಲ್ಲ. ಯಾರು ಎಲ್ಲಿ ಕುಂತು ಏನು ಸರಿ ಮಾಡಿದ್ರೋ, ಸಂಬಳ ಇಲ್ಲದ, ಹೆಸರಿಲ್ಲದ, ನಾಲ್ಕು ತಿಂಗಳು ತಡ ಮಾಡಿ. ಅವರನ್ನ ಬೈಬೇಕೋ ಕೈ ಮುಗೀಬೇಕೋ ತಿಳೀಲಿಲ್ಲ. ಹಾಳಿ ಸರ್ ಕೈಗೆ ಕೊಟ್ಟು ಹೊರಗ ಹೋಗಿ ನಿಂತೆ.

ಸಪ್ಲಿಮೆಂಟರಿ ಪರೀಕ್ಷೆಗೆ ಇನ್ನೂ ದಿನ ಇದ್ವು. ನರಸಮ್ಮಗ ಫೋನ್ ಹಚ್ಚಿದೆ. ಗಣಿತ ಒಂದೇ, ಒಂದೇ ದಿನ, ನಾನೇ ಬಂದು ಕರ್ಕೊಂಡು ಬರ್ತೀನಿ, ನನ್ನ ಮನ್ಯಾಗೇ ಇಟ್ಕೋತೀನಿ ಅಂತ ಗೋಗರೆದೆ. ಆಕಿ ಸಿಟ್ಟಿಲೆ ಮಾತಾಡಲಿಲ್ಲ. ದೊಡ್ಡಾಕಿಗೆ ದಮ್ಮು ಹತ್ತೈತಿ ಟೀಚರ್, ಮೆಣಸಿನಕಾಯಿ ಘಾಟಿಗೆ, ಆಕಿ ಮಲಗಿದಲ್ಲೇ ಅದಾಳ, ಆಕಿ ಜಾಗದಾಗ ಈಕಿ ಕುಂದ್ರದಿದ್ರ ಗುಂಪಿನವ್ರು ನಮ್ಮನ್ನ ಕೆಲಸದಿಂದ ತೆಗೀತಾರ ಅಂದ್ಳು. ನಾವು ಮಾತು ಆಡಿದ್ವಿ, ನೀವೂ ಒಪ್ಪಿದ್ರಿ ಅಂದ್ಳು. ಈರಮ್ಮನ ಕೈಗೆ ಫೋನ್ ಕೊಡವ್ವಾ ಅಂದೆ.

ಆಕಿ ಹಲೋ ಅನ್ನೋಕಿಂತ ಮೊದಲು ಕೆಮ್ಮಿದ್ಳು. ಹಿಂದ ಹೆಂಗಸರ ಮಾತು, ತೆಲುಗಿನಾಗ ಯಾರೋ ಲಗೂ ಲಗೂ ಅಂತ ಕೂಗ್ತಿದ್ದ. ಊಟ ಆತೇನು ಅಂದೆ, ಆತ್ರಿ ಅಂದ್ಳು. ಬಾರವ್ವಾ, ಪರೀಕ್ಷೆ ಬರಿ ಅಂದೆ. ಅಕ್ಕಗ ಆರಾಮಾಗ್ಲಿ ನೋಡೋಣ್ರಿ ಅಂದ್ಳು, ಆ ಮಾತಿನ್ಯಾಗ ಬರೂದಿಲ್ಲ ಅನ್ನೋದು ಇತ್ತು. ಆಮ್ಯಾಲ ಆಕಿನೇ ಕೇಳಿದ್ಳು.

"ಪ್ರಿಂಟರ್ ಸರಿ ಆತೇನ್ರಿ ಟೀಚರ್?"

ಸುಳ್ಳು ಹೇಳಬೇಕು ಅನ್ನಿಸ್ತು. ಆದ್ರ ಬಾಯಿಂದ ಬರಲಿಲ್ಲ. ಆತವ್ವಾ, ಈಗ ಎರಡೂ ಕಡೆ ಬರ್ತೈತಿ ಅಂದೆ.

"ಛಲೋ ಆತು ಬಿಡ್ರಿ," ಅಂದ್ಳು. "ಸಣ್ಣ ಕ್ಲಾಸಿನವ್ರಿಗೆ ಹಿಂದ ತಿರುವಿ ನೋಡಾಕ ಹೇಳ್ರಿ."

ಮತ್ತ ಕೆಮ್ಮು ಬಂತು. ಕೈ ಉರಿತಾವ, ಫೋನ್ ಹಿಡಿಯಾಕ ಆಗವಲ್ದು, ಇಡ್ತೀನ್ರಿ ಅಂತ ಹೇಳಿ ಇಟ್ಳು.